ಆ ಕುರ್ಚಿ ನಿಜವಾಗಿ ಬೆಲ್ಟರ್‌ನದಾ? ವಿಕ್ಟೋರಿಯನ್ ಪಾರ್ಲರ್ ಸೆಟ್ಟು ಮತ್ತು ಅದರ ಮನೆಯವರು

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಅಮೆರಿಕದ ಓಹಾಯೋದಲ್ಲಿ ಇದ್ದೇವೆ. ಹೋದ ವರ್ಷ 1870ರ ದಶಕದಲ್ಲಿ ಕಟ್ಟಿದ ಒಂದು ಮನೆ ತಗೊಂಡೆವು. ಮಾರಿದ ಅಜ್ಜಿ ಮುಂದಿನ ಕೋಣೆಯ ಹಳೇ ಫರ್ನಿಚರನ್ನೂ ನಮಗೇ ಬಿಟ್ಟುಹೋದರು. ಒಂದು ಸೋಫಾ, ಕೈ ಇರುವ ಒಂದು ದೊಡ್ಡ ಕುರ್ಚಿ, ಕೈ ಇಲ್ಲದ ಒಂದು ತಗ್ಗು ಕುರ್ಚಿ, ನಾಲ್ಕು ಚಿಕ್ಕ ಕುರ್ಚಿ, ಮಾರ್ಬಲ್ ಹಾಸಿನ ಒಂದು ಮೇಜು. ಎಲ್ಲದರ ಮೇಲೂ ದ್ರಾಕ್ಷಿ ಗೊಂಚಲು, ಗುಲಾಬಿ ಕೆತ್ತನೆ. "ಇದು ಬೆಲ್ಟರ್, ನಮ್ಮ ಮುತ್ತಜ್ಜಿ ಕಾಲದ್ದು" ಅಂದರು ಆ ಅಜ್ಜಿ. ಊರಿಂದ ಬಂದ ಅತ್ತೆ "ಅರಮನೆ ಕುರ್ಚಿ ಇದ್ದ ಹಾಗಿದೆ, ನಮ್ಮ ಬೀಟೆ ಮರವೇ ಇದು" ಅಂದರು. ಪಕ್ಕದ ಮನೆಯವರು ಪಾಲಿಶ್ ಕಿತ್ತು ಬಿಳಿ ಬಣ್ಣ ಹೊಡೆಯಿರಿ ಅನ್ನುತ್ತಾರೆ. ಕೂತರೆ ಜಾರುತ್ತದೆ, ಬೆನ್ನು ನೋಯುತ್ತದೆ. ಇದು ನಿಜವಾಗಿ ಬೆಲ್ಟರ್ ಏನು? ಇಂಥದ್ದನ್ನು ಎಂಥವರು ಇಟ್ಟುಕೊಳ್ಳುತ್ತಿದ್ದರು? ನಾವೀಗ ಏನು ಮಾಡಬೇಕು? ಫೋಟೋ ಕಳಿಸಿದ್ದೇವೆ.

ಉತ್ತರ: ಮೊದಲು ಆ ಬಣ್ಣದ ಡಬ್ಬ ಪಕ್ಕಕ್ಕಿಡಿ. ಉಳಿದದ್ದು ಆಮೇಲೆ ಮಾತಾಡೋಣ.

ಫೋಟೋಗಳನ್ನು ನಾಲ್ಕೈದು ಸಲ ನೋಡಿದೆ. ನಿಮ್ಮದು ಬೆಲ್ಟರ್ ಅಲ್ಲ. ಬೀಟೆಯೂ ಅಲ್ಲ. ಬೇಜಾರಾಗಬೇಡಿ, ಯಾಕೆಂದರೆ ನಿಮ್ಮ ಸೆಟ್ಟಿನ ಕಥೆ ಬೆಲ್ಟರ್ ಕಥೆಗಿಂತ ನಿಮ್ಮ ಮನೆಗೆ, ನಿಮ್ಮ ಊರಿಗೆ ಹತ್ತಿರದ್ದು. ಆದರೆ ಅದು ಅರ್ಥವಾಗಬೇಕಾದರೆ ಬೆಲ್ಟರ್ ಅಂದರೆ ಯಾರು ಅಂತ ಗೊತ್ತಿರಬೇಕು. ಯಾಕೆಂದರೆ ಅಮೆರಿಕದಲ್ಲಿ ಹಳೇ ಕೆತ್ತನೆ ಕುರ್ಚಿ ಇರುವ ಪ್ರತಿ ಎರಡನೇ ಮನೆಯವರೂ ಅದು ಬೆಲ್ಟರ್ ಅಂತಲೇ ಹೇಳುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ. ಅವರ ಅಜ್ಜಿ ಹೇಳಿದ್ದು, ಅವರು ನಂಬಿದ್ದು.

ಜಾನ್ ಹೆನ್ರಿ ಬೆಲ್ಟರ್ ಹುಟ್ಟಿದ್ದು 1804ರಲ್ಲಿ, ಜರ್ಮನಿಯ ಹಿಲ್ಟರ್ ಅನ್ನೋ ಊರಲ್ಲಿ. 1833ರಲ್ಲಿ ನ್ಯೂಯಾರ್ಕಿಗೆ ಬಂದ. 1840ರ ದಶಕದಲ್ಲಿ ಸ್ವಂತ ಅಂಗಡಿ ಹಾಕಿದ, ಆಮೇಲೆ ಬ್ರಾಡ್‌ವೇ ರಸ್ತೆಗೆ ಬಂದ, 1854ರ ಹೊತ್ತಿಗೆ ಊರಾಚೆ ಥರ್ಡ್ ಅವೆನ್ಯೂದಲ್ಲಿ ಐದು ಅಂತಸ್ತಿನ ಕಾರ್ಖಾನೆಯನ್ನೇ ಕಟ್ಟಿದ. ಅವನ ಹೆಸರು ಇಂದಿಗೂ ಉಳಿದಿರುವುದು ಕೆತ್ತನೆಯಿಂದ ಮಾತ್ರ ಅಲ್ಲ. ಕೆತ್ತನೆಯ ಕೆಳಗೆ ಇರುವ ಮರದಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದೇ ಗುರುತು ಹಿಡಿಯುವ ಕೀಲಿ. ಬೆಲ್ಟರ್ ಬಳಸಿದ್ದು ಬ್ರೆಜಿಲ್‌ನ ರೋಸ್‌ವುಡ್. ನಮ್ಮ ಬೀಟೆಯ ದಾಯಾದಿ, ಒಂದೇ ಜಾತಿಗೆ ಸೇರಿದ ಮರ. ನಿಮ್ಮ ಅತ್ತೆಯವರು ಹೇಳಿದ್ದು ಪೂರ್ತಿ ತಪ್ಪೇನಲ್ಲ, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ: ಕಂದು ಬಣ್ಣ, ಅದರಲ್ಲಿ ನೇರಳೆ ಛಾಯೆ, ನಡುನಡುವೆ ಕಪ್ಪು ಗೆರೆ. ಈ ಮರ ಗಟ್ಟಿ, ಭಾರ, ಆದರೆ ತೆಳ್ಳಗೆ ಕೊರೆದು ಜಾಲಂದ್ರ ಮಾಡಲು ಹೋದರೆ ಎಳೆಯ ದಿಕ್ಕಿಗೆ ಪಟ್ಟನೆ ಸಿಡಿಯುತ್ತದೆ. ಬೆಲ್ಟರ್‌ಗೆ ಬೇಕಾಗಿದ್ದು ಬೆನ್ನಿನ ತುಂಬ ಬಳ್ಳಿ, ಎಲೆ, ಗೊಂಚಲು, ಅದರ ನಡುವೆ ಆಚೆ ಬದಿ ಕಾಣುವಂಥ ತೂತು. ಒಂದೇ ಹಲಗೆಯಲ್ಲಿ ಇದು ಆಗುವ ಕೆಲಸ ಅಲ್ಲ.

ಅದಕ್ಕೆ ಅವನು ಮರವನ್ನು ಒಂದೂವರೆ ಮಿಲಿಮೀಟರ್ ಆಸುಪಾಸಿನ ತೆಳು ಹಾಳೆಗಳಾಗಿ ಸೀಳಿಸಿದ. ಒಂದು ಹಾಳೆಯ ಎಳೆ ಉದ್ದಕ್ಕೆ, ಅದರ ಮೇಲಿನದ್ದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ನಡುವೆ ಬಿಸಿ ವಜ್ರ, ಅಂದರೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡುವ ಅಂಟು. ಸಾಮಾನ್ಯವಾಗಿ ಆರರಿಂದ ಎಂಟು ಪದರ, ಕೆಲವು ಕಡೆ ಇನ್ನೂ ಜಾಸ್ತಿ. ಆ ಕಟ್ಟನ್ನು ಬಿಸಿ ಹಬೆಯಲ್ಲಿ ಮೆತ್ತಗೆ ಮಾಡಿ ಅಚ್ಚಿನಲ್ಲಿ ಬಿಗಿದು ಬಗ್ಗಿಸಿದರೆ ಕುರ್ಚಿಯ ಬೆನ್ನು ಬೋಗುಣಿಯ ಹಾಗೆ ಬಾಗಿ ನಿಲ್ಲುತ್ತಿತ್ತು. ಆಮೇಲೆ ಗರಗಸದಲ್ಲಿ ತೂತು ತೆಗೆಯುವುದು, ಆಮೇಲೆ ಉಳಿ. ಎತ್ತರದ ಗುಲಾಬಿ, ಹಣ್ಣುಗಳು ಬೇಕಾದ ಕಡೆ ಮೇಲಿಂದ ಮರದ ತುಂಡು ಅಂಟಿಸಿ ಕೆತ್ತುತ್ತಿದ್ದರು. ಈಗಿನ ಪ್ಲೈವುಡ್ ತತ್ವವೇ, ಆದರೆ 1850ರ ದಶಕದಲ್ಲಿ, ಅದೂ ಬಾಗಿದ ಪ್ಲೈವುಡ್. 1847ರಿಂದ 1860ರ ನಡುವೆ ಅವನು ನಾಲ್ಕು ಪೇಟೆಂಟ್ ತಗೊಂಡ, ಬೆನ್ನನ್ನು ಎರಡೂ ದಿಕ್ಕಿಗೆ ಬಗ್ಗಿಸುವ ವಿಧಾನದ್ದು 1858ರದ್ದು.

ನಾನು ಹಳೇ ಫರ್ನಿಚರ್ ಸಂರಕ್ಷಣೆಯ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಬೆಲ್ಟರ್ ಕುರ್ಚಿಯನ್ನು ಮೊದಲ ಸಲ ಮೇಜಿನ ಮೇಲೆ ಕವುಚಿ ಹಾಕಿ, ಬೆನ್ನಿನ ಒಂದು ತೂತಿನ ಒಳಗೋಡೆಗೆ ಟಾರ್ಚ್ ಹಿಡಿದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಿರೋಟಿ ಮುರಿದಾಗ ಪದರ ಪದರವಾಗಿ ಕಾಣುತ್ತದಲ್ಲ, ಹಾಗೆ. ಒಂದು ಗೆರೆ ಕಪ್ಪು, ಒಂದು ತಿಳಿ, ಒಂದು ಕಪ್ಪು, ಒಂದು ತಿಳಿ. ಬೆರಳಲ್ಲಿ ಎಣಿಸಿದೆ, ಏಳು. ಏಳೂ ಸೇರಿ ಅರ್ಧ ಇಂಚೂ ಇರಲಿಲ್ಲ. ಕುರ್ಚಿಯ ಹಿಂಬದಿ, ಗೋಡೆ ಕಡೆಗೆ ಇರುವ ಬದಿ, ಅದಕ್ಕೂ ಅಷ್ಟೇ ಚಂದದ ರೋಸ್‌ವುಡ್ ಹಾಳೆ, ಅಷ್ಟೇ ನುಣುಪು. ಯಾರೂ ನೋಡದ ಬದಿಗೂ ಇಷ್ಟು ಕೆಲಸ ಮಾಡಿದ್ದಾರಲ್ಲ ಅಂತ ಸುಮ್ನೆ ನಿಂತುಬಿಟ್ಟಿದ್ದೆ.

ಈಗ ನಿಮ್ಮ ಮೂರನೇ ಫೋಟೋಗೆ ಬನ್ನಿ, ಚಿಕ್ಕ ಕುರ್ಚಿಯ ಹಿಂಬದಿ. ಅಲ್ಲಿ ಪದರ ಇಲ್ಲ. ಬೆನ್ನಿನ ಚೌಕಟ್ಟು ಇಡೀ ಮರದಿಂದ ಕಡಿದ ತುಂಡುಗಳನ್ನು ಗೂಟ ಹಾಕಿ ಜೋಡಿಸಿದ್ದು. ಎಳೆ ಒಂದೇ ದಿಕ್ಕಿಗೆ ಓಡುತ್ತದೆ. ಹಿಂಬದಿ ಒರಟು, ರಂದ ಹೊಡೆದ ಗುರುತು ಹಾಗೇ ಇದೆ. ಬಣ್ಣ ಬೆಚ್ಚನೆಯ ಕಂದು, ನೇರಳೆ ಇಲ್ಲ, ಕಪ್ಪು ಗೆರೆ ಇಲ್ಲ. ಇದು ಅಮೆರಿಕದ ಕಪ್ಪು ವಾಲ್‌ನಟ್, ನಮ್ಮ ಅಕ್ರೋಟಿನ ಬಳಗದ ಮರ. ಓಹಾಯೋದ ಕಾಡುಗಳಲ್ಲಿ ಆಗ ಬೇಕಾದಷ್ಟು ಇತ್ತು. ಸಿನ್ಸಿನಾಟಿಯಲ್ಲಿ ಮಿಚೆಲ್ ಅಂಡ್ ರಾಮೆಲ್ಸ್‌ಬರ್ಗ್ ಅಂತ ಬಹಳ ದೊಡ್ಡ ಫರ್ನಿಚರ್ ಕಂಪನಿ ಇತ್ತು, ಉಗಿಯಂತ್ರದಲ್ಲಿ ಗರಗಸ ಓಡಿಸುತ್ತಿದ್ದರು, ನದಿಯಲ್ಲಿ ಹಡಗಿನ ಮೇಲೆ ದಕ್ಷಿಣದ ಊರುಗಳವರೆಗೂ ಮಾಲು ಕಳಿಸುತ್ತಿದ್ದರು. ನಿಮ್ಮದು ಅವರದ್ದೇ ಅಂತ ನಾನು ಹೇಳುವುದಿಲ್ಲ, ಚೀಟಿ ಸಿಗದೆ ಹಾಗೆ ಹೇಳುವುದು ತಪ್ಪು. ಸೀಟಿನ ಕೆಳಗಿನ ಮರದ ಪಟ್ಟಿ, ಮೇಜಿನ ಮಾರ್ಬಲ್ ಕೆಳಗಿನ ಚೌಕಟ್ಟು, ಇವೆರಡನ್ನು ಚೆನ್ನಾಗಿ ಹುಡುಕಿ. ಕಾಗದದ ಚೀಟಿ, ಪೆನ್ಸಿಲ್ಲಲ್ಲಿ ಬರೆದ ಅಂಕಿ, ಅಚ್ಚೊತ್ತಿದ ನಂಬರ್ ಏನಾದರೂ ಸಿಗಬಹುದು.

ಪದರದ ಮರ ಕಂಡರೂ ಬೆಲ್ಟರ್ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಅದೇ ನ್ಯೂಯಾರ್ಕಿನಲ್ಲಿ ಮೀಕ್ಸ್ ಕುಟುಂಬ, ಚಾರ್ಲ್ಸ್ ಬೌಡುವಿನ್ ಇವರೂ ಅಂಥದ್ದೇ ಮಾಡುತ್ತಿದ್ದರು. ಬೆಲ್ಟರ್ ತನ್ನ ಮಾಲಿಗೆ ಚೀಟಿ ಅಂಟಿಸಿದ್ದು ಬಹಳ ಕಡಿಮೆ. ದೊಡ್ಡವರೇ ಇಲ್ಲಿ ಎಡವಿದ್ದಾರೆ. ಶ್ವೇತಭವನದಲ್ಲಿ ಲಿಂಕನ್ ಮಂಚ ಅಂತ ಒಂದಿದೆ, ರೋಸ್‌ವುಡ್ಡಿನದ್ದು, ತಲೆಕಡೆಯ ಹಲಗೆ ಮನುಷ್ಯನಿಗಿಂತ ಎತ್ತರ, ತುಂಬ ಕೆತ್ತನೆ. 1861ರಲ್ಲಿ ಅಧ್ಯಕ್ಷ ಲಿಂಕನ್ ಅವರ ಹೆಂಡತಿ ಮೇರಿ ಲಿಂಕನ್ ಫಿಲಡೆಲ್ಫಿಯಾದ ವಿಲಿಯಂ ಕ್ಯಾರಿಲ್ ಅನ್ನೋ ವ್ಯಾಪಾರಿಯಿಂದ ತರಿಸಿದ್ದು. ಎಷ್ಟೋ ಕಾಲ ಅದನ್ನೂ ಬೆಲ್ಟರ್ ಅಂತ ಕರೆಯುತ್ತಿದ್ದರು, ಬರೀ ನೋಟದ ಮೇಲೆ. ಲಿಂಕನ್ ಸ್ವತಃ ಅದರಲ್ಲಿ ಮಲಗಿದ್ದೂ ಅನುಮಾನವೇ.

ಇನ್ನು ಮಾಲೀಕರ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಇಷ್ಟವಾದದ್ದು ಇದೇ.

ಪಾರ್ಲರ್ ಅಂದರೆ ನಮಗೆ ಬ್ಯೂಟಿ ಪಾರ್ಲರ್, ಐಸ್‌ಕ್ರೀಮ್ ಪಾರ್ಲರ್. ಆಗ ಅದು ಮನೆಯ ಮುಂದಿನ ಕೋಣೆ, ಮನೆಯಲ್ಲೇ ಎಲ್ಲಕ್ಕಿಂತ ಚಂದದ ಕೋಣೆ, ಮನೆಯವರು ಎಲ್ಲಕ್ಕಿಂತ ಕಡಿಮೆ ಕೂರುವ ಕೋಣೆ. ಬಿಸಿಲಿಗೆ ಬಟ್ಟೆ ಮಾಸೀತು ಅಂತ ಪರದೆ ಎಳೆದಿರುತ್ತಿದ್ದರು. ಯಾರಾದರೂ ನೋಡಲು ಬಂದರೆ, ಭಾನುವಾರ, ಮದುವೆ ಮಾತುಕತೆಗೆ, ಮದುವೆಗೆ, ಸಾವಿಗೆ ಬಾಗಿಲು ತೆರೆಯುತ್ತಿತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ದೇಹವನ್ನು ಮಲಗಿಸುತ್ತಿದ್ದದ್ದೂ ಅಲ್ಲೇ. ಮುಂದೆ ಆ ಕೆಲಸ ಮನೆಯಿಂದ ಹೊರಗೆ ಹೋದಾಗ ಅದನ್ನು ಮಾಡುವ ಜಾಗಕ್ಕೆ ಫ್ಯೂನರಲ್ ಪಾರ್ಲರ್ ಅಂತಲೇ ಹೆಸರು ಬಂತು. ನಮ್ಮ ಕಡೆ ಹಾಲಿನ ಷೋಕೇಸಿನಲ್ಲಿ ಒಳ್ಳೆ ಕಪ್ಪು ಬಸಿ ಜೋಡಿಸಿಟ್ಟು ದಿನಾ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದೆವಲ್ಲ, ಆ ಮನಸ್ಸು ಗೊತ್ತಿದ್ದವರಿಗೆ ಪಾರ್ಲರ್ ಅರ್ಥವಾಗುವುದು ಕಷ್ಟವೇ ಇಲ್ಲ.

ನಿಮ್ಮ ಎಂಟು ಸಾಮಾನೂ ಒಂದು ಸೆಟ್ಟು. ಅದು ಬರೀ ಕೂರುವುದಕ್ಕಲ್ಲ, ಯಾರು ಎಲ್ಲಿ ಕೂರಬೇಕು ಅಂತ ಹೇಳುವುದಕ್ಕೆ. ಕೈ ಇರುವ ದೊಡ್ಡ ಕುರ್ಚಿ ಯಜಮಾನರದ್ದು, ಬೆನ್ನು ಎತ್ತರ, ಕೈ ಚಾಚಿ ಹಿಂದಕ್ಕೆ ಒರಗಬಹುದು. ತಗ್ಗಿನದ್ದು ಹೆಂಗಸರದ್ದು. ಅದಕ್ಕೆ ಕೈ ಯಾಕಿಲ್ಲ ಅಂತ ನೋಡಿ: ಲಂಗದ ಅಗಲ. 1856ರ ಸುಮಾರಿಗೆ ಉಕ್ಕಿನ ಬಳೆಗಳ ಪಂಜರ ಬಂತು, ಅದರ ಮೇಲೆ ಲಂಗ ತೊಟ್ಟರೆ ಕೈ ಇರುವ ಕುರ್ಚಿಯೊಳಗೆ ಇಳಿಯಲು ಆಗುತ್ತಿರಲಿಲ್ಲ. ಒಳಗೆ ಸೊಂಟ, ಎದೆ ಬಿಗಿಯುವ ಕಾರ್ಸೆಟ್ ಬೇರೆ, ಹಾಗಾಗಿ ಬೆನ್ನು ಒರಗಿಸುವ ಪ್ರಶ್ನೆಯೇ ಇಲ್ಲ, ತುದಿಯಲ್ಲಿ ನೆಟ್ಟಗೆ ಕೂರಬೇಕು. ನಾಲ್ಕು ಚಿಕ್ಕವು ಬಂದವರಿಗೆ, ಗೋಡೆಗೆ ತಾಗಿಸಿ ಇಟ್ಟಿರುತ್ತಿದ್ದರು, ಬೇಕಾದಾಗ ಎಳೆದುಕೊಳ್ಳುವುದು. ನಡುವೆ ಮಾರ್ಬಲ್ ಮೇಜು, ಅದರ ಮೇಲೆ ದೀಪ, ಬೈಬಲ್ಲು, ಫೋಟೋ ಆಲ್ಬಮ್. ಬೆನ್ನು ನೋಯುತ್ತದೆ ಅಂದಿರಲ್ಲ, ಅದು ಕುರ್ಚಿ ಕೆಟ್ಟು ಆಗಿರುವುದಲ್ಲ. ಆ ಕುರ್ಚಿ ಮಾಡಿದ್ದೇ ಒರಗದೆ ಕೂರುವವರಿಗಾಗಿ.

ಜಾರುವುದಕ್ಕೂ ಕಾರಣ ಇದೆ. ನಿಮ್ಮ ಸೋಫಾದ ಆ ಕಪ್ಪು ಹೊಳೆಯುವ ಬಟ್ಟೆ ಕುದುರೆ ಬಾಲದ ಕೂದಲಿನದ್ದು. ಹಾಸು ನೂಲಾದರೆ ಹೊಕ್ಕು ಕೂದಲು. ಒಂದು ಕೂದಲಿಗೆ ಇನ್ನೊಂದನ್ನು ಗಂಟು ಹಾಕುವ ಹಾಗಿಲ್ಲ, ಹಾಗಾಗಿ ಬಟ್ಟೆಯ ಅಗಲ ಕುದುರೆ ಬಾಲದ ಉದ್ದ ಎಷ್ಟೋ ಅಷ್ಟೇ. ಸೋಫಾದ ಸೀಟಿನ ಹೊಲಿಗೆಗಳ ನಡುವೆ ಅಳೆದು ನೋಡಿ, ಎರಡು ಅಡಿಯ ಆಜುಬಾಜಿನಲ್ಲಿ ಇರುತ್ತದೆ. ಸವೆಯುವುದಿಲ್ಲ, ಕಲೆ ಹಿಡಿಯುವುದಿಲ್ಲ, ಆದರೆ ಮಕ್ಕಳ ಬರಿಗಾಲಿಗೆ ಮುರಿದ ಕೂದಲ ತುದಿ ಸೂಜಿಯ ಹಾಗೆ ಚುಚ್ಚುತ್ತದೆ. ಇಷ್ಟು ಗಟ್ಟಿ ಬಟ್ಟೆ ಆದ್ದರಿಂದಲೇ ನೂರೈವತ್ತು ವರ್ಷ ಆದ ಮೇಲೂ ನಿಮ್ಮ ಮನೆಯಲ್ಲಿ ಉಳಿದಿರುವುದು.

ಬೆಲ್ಟರ್ ಸೆಟ್ಟು ಕೊಳ್ಳುತ್ತಿದ್ದವರು ಬೇರೆ ಮಟ್ಟದವರು. ನ್ಯೂಯಾರ್ಕಿನ ದೊಡ್ಡ ವ್ಯಾಪಾರಿಗಳು, ಮತ್ತೆ ದಕ್ಷಿಣದ ಹತ್ತಿ ದಣಿಗಳು. ಜಾರ್ಜಿಯಾದ ಮಿಲೆಜ್‌ವಿಲ್ ಊರಿನ ಒಬ್ಬ ಜಮೀನ್ದಾರನಿಗೆ 1855ರಲ್ಲಿ ಬೆಲ್ಟರ್ ಬರೆದುಕೊಟ್ಟ ಬಿಲ್ಲು ಉಳಿದುಬಂದಿದೆ. ಮಿಸಿಸಿಪ್ಪಿಯ ನ್ಯಾಚೆಜ್ ಊರಲ್ಲಿ ರೋಸಲಿ ಅನ್ನೋ ಬಂಗಲೆ ಇದೆ, ಅಲ್ಲಿಯ ವಿಲ್ಸನ್ ಕುಟುಂಬ 1858ರಲ್ಲಿ ತರಿಸಿದ ಇಪ್ಪತ್ತು ಸಾಮಾನಿನ ಬೆಲ್ಟರ್ ಸೆಟ್ಟು ಇಂದಿಗೂ ಅದೇ ಪಾರ್ಲರಿನಲ್ಲಿ ಇದೆ. ಅದರ ಒಂದು ವಿನ್ಯಾಸಕ್ಕೆ ರೋಸಲಿ ಅಂತಲೇ ಹೆಸರು ಬಿತ್ತು. ಅಮೆರಿಕದ ಉತ್ತರ ದಕ್ಷಿಣದವರ ಅಂತರ್ಯುದ್ಧದಲ್ಲಿ, 1863ರಲ್ಲಿ, ಉತ್ತರದ ಸೈನ್ಯ ಊರು ಹಿಡಿದು ಆ ಮನೆಯನ್ನೇ ಠಾಣೆ ಮಾಡಿಕೊಂಡರೂ ಸೆಟ್ಟು ಹೇಗೋ ಬದುಕಿತು. ನ್ಯೂಯಾರ್ಕಿನ ಜರ್ಮನ್ ಬಡಗಿಯ ಕೈ, ಬ್ರೆಜಿಲ್ ಕಾಡಿನ ಮರ, ಅದಕ್ಕೆ ಕೊಟ್ಟ ದುಡ್ಡು ಮಾತ್ರ ಗುಲಾಮರು ಬಿಡಿಸಿದ ಹತ್ತಿಯದ್ದು. ಆ ಗುಲಾಬಿ ಕೆತ್ತನೆ ನೋಡಿ ನಾನು ಎಷ್ಟು ಬೆರಗಾದರೂ ಇದನ್ನು ಬಿಟ್ಟು ಮಾತಾಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಆ ಪಾರ್ಲರುಗಳ ಧೂಳು ಒರೆಸಿದವರು, ಬೆಳ್ಳಂಬೆಳಗ್ಗೆ ಪರದೆ ಎಳೆದವರು ಯಾರು ಅಂತ ಅಲ್ಲಿಗೆ ಹೋದಾಗ ಕೇಳಿ.

ಅದೇ ಊರಿನ ಲಾಂಗ್‌ವುಡ್ ಕೂಡ ನೋಡಬೇಕಾದ್ದು. ಹಾಲರ್ ನಟ್ ಅನ್ನೋ ಹತ್ತಿ ದಣಿ 1860ರಲ್ಲಿ ಎಂಟು ಮೂಲೆಯ ಅರಮನೆಯಂಥ ಮನೆ ಶುರು ಮಾಡಿದ, 32 ಕೋಣೆಯದ್ದು. ಮರು ವರ್ಷ ಆ ಅಂತರ್ಯುದ್ಧ ಶುರುವಾಯಿತು, ಫಿಲಡೆಲ್ಫಿಯಾದಿಂದ ಬಂದಿದ್ದ ಕೆಲಸದವರು ಉಪಕರಣ ಅಲ್ಲೇ ಬಿಟ್ಟು ಊರಿಗೆ ಓಡಿದರು. ಆಗಿದ್ದು ನೆಲಮಾಳಿಗೆಯ ಒಂಬತ್ತು ಕೋಣೆ ಮಾತ್ರ. ಅವನು 1864ರಲ್ಲಿ ತೀರಿಕೊಂಡ, ಮನೆಯವರು ಆ ಒಂಬತ್ತರಲ್ಲೇ ಬದುಕಿದರು. ಮೇಲಿನ ಅಂತಸ್ತುಗಳು ಇಂದಿಗೂ ಬರೀ ಇಟ್ಟಿಗೆ, ತೊಲೆ. ಪಾರ್ಲರ್ ಆಗಬೇಕಾಗಿದ್ದ ಕೋಣೆಯಲ್ಲಿ ಗಾರೆ ಕೂಡ ಇಲ್ಲ.

ಬೆಲ್ಟರ್ ಕಥೆಯೂ ಹೆಚ್ಚು ಕಡಿಮೆ ಆಗಲೇ ಮುಗಿಯಿತು. ದಕ್ಷಿಣದ ಗಿರಾಕಿಗಳು ಯುದ್ಧದಲ್ಲಿ ಕೈಬಿಟ್ಟುಹೋದರು, ಅವನು 1863ರಲ್ಲಿ ಸತ್ತ, ಹೆಂಡತಿಯ ಕಡೆಯವರು ನಡೆಸಿದ ಅಂಗಡಿ 1867ರಲ್ಲಿ ದಿವಾಳಿ ಆಯಿತು.

ಮಧ್ಯಮ ವರ್ಗದ ಪಾರ್ಲರ್ ಹೇಗಿತ್ತು ಅಂತ ನೋಡಬೇಕಾದರೆ ನ್ಯಾಚೆಜ್‌ಗಿಂತ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ, ಲಿಂಕನ್ ಮನೆಗೆ. ಹಳ್ಳಿಯ ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿದ ಮನುಷ್ಯ, ವಕೀಲಿಕೆ ಮಾಡಿ ಮೇಲೆ ಬಂದು, 1844ರಲ್ಲಿ ಒಂದು ಚಿಕ್ಕ ಮನೆ ಕೊಂಡು, 1856ರಲ್ಲಿ ಅದಕ್ಕೆ ಪೂರ್ತಿ ಮಹಡಿ ಏರಿಸಿ, ಪಾರ್ಲರಿಗೆ ಕುದುರೆ ಕೂದಲಿನ ಸೋಫಾ ತಂದ. 1860ರ ಮೇ ತಿಂಗಳಲ್ಲಿ ನೀವೇ ನಮ್ಮ ಅಧ್ಯಕ್ಷೀಯ ಅಭ್ಯರ್ಥಿ ಅಂತ ಹೇಳಲು ಪಕ್ಷದವರು ಬಂದದ್ದು ಅದೇ ಪಾರ್ಲರಿಗೆ. ಮೇರಿ ಲಿಂಕನ್ ಈ ಕೋಣೆಗೆ ಯಾಕೆ ಅಷ್ಟು ಆಸೆ ಪಟ್ಟರು ಅನ್ನುವುದು ಆ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ ಅಲ್ವಾ? ವಾಷಿಂಗ್ಟನ್ನಿಗೆ ಹೊರಡುವಾಗ ಅವರು ಬಹಳಷ್ಟು ಫರ್ನಿಚರ್ ಮಾರಿದರು. ಮನೆಗೆ ಬಾಡಿಗೆಗೆ ಬಂದ ಟಿಲ್ಟನ್ ಅನ್ನೋ ರೈಲ್ವೆ ಅಧಿಕಾರಿ ಹಲವನ್ನು ಕೊಂಡ, ಆಮೇಲೆ ಶಿಕಾಗೋಗೆ ತಗೊಂಡು ಹೋದ, 1871ರ ಶಿಕಾಗೋ ಬೆಂಕಿಯಲ್ಲಿ ಎಲ್ಲ ಸುಟ್ಟುಹೋಯಿತು. ಬೇರೆ ಕಡೆ ಉಳಿದ ಕೆಲವು ಮತ್ತೆ ಆ ಮನೆ ಸೇರಿವೆ.

ನಿಮ್ಮ ಮನೆಯಲ್ಲಿ ಆಗ ಇದ್ದವರು ಬಹುಶಃ ಲಿಂಕನ್‌ಗಿಂತ ಒಂದು ಮೆಟ್ಟಿಲು ಕೆಳಗಿನವರು. ಧಾನ್ಯದ ಅಂಗಡಿ, ಗಿರಣಿ, ಸ್ಟೇಷನ್ ಮಾಸ್ಟರ್, ಊರಿನ ಡಾಕ್ಟರ್, ಅಂಥವರು. 1870ರ ಹೊತ್ತಿಗೆ ಯಂತ್ರ ಬಂದು ಇಂಥವರಿಗೂ ಸೆಟ್ಟು ಕೈಗೆಟುಕುವ ಹಾಗಾಗಿತ್ತು. ಚೌಕಟ್ಟು ಯಂತ್ರ ಕಡಿಯುತ್ತಿತ್ತು, ಗೊಂಚಲನ್ನು ಮಾತ್ರ ಒಬ್ಬ ಆಚಾರಿ ಕೈಯಲ್ಲಿ ಕೆತ್ತಿ ಅಂಟಿಸುತ್ತಿದ್ದ. 1876ರ ಫಿಲಡೆಲ್ಫಿಯಾ ಪ್ರದರ್ಶನದ ಮೇಲೆ ಮಿಶಿಗನ್‌ನ ಗ್ರ್ಯಾಂಡ್ ರಾಪಿಡ್ಸ್ ಊರು ಇಡೀ ದೇಶಕ್ಕೆ ಫರ್ನಿಚರ್ ಕಳಿಸಲು ಶುರು ಮಾಡಿತು. ನಿಮ್ಮ ನಾಲ್ಕು ಚಿಕ್ಕ ಕುರ್ಚಿಗಳ ದ್ರಾಕ್ಷಿಗೊಂಚಲನ್ನು ಅಕ್ಕಪಕ್ಕ ಇಟ್ಟು ನೋಡಿ. ಫೋಟೋದಲ್ಲೇ ನನಗೆ ಕಂಡಿತು, ಮೂರರಲ್ಲಿ ಹಣ್ಣುಗಳು ದುಂಡಗೆ ಒತ್ತಾಗಿವೆ, ನಾಲ್ಕನೆಯದರಲ್ಲಿ ಸ್ವಲ್ಪ ಉದ್ದ, ಎಲೆಯ ನರ ಆಳ. ಬೇರೆ ಕೈ. ಒಬ್ಬ ರಜೆ ಹಾಕಿದ್ದನೋ, ಕೆಲಸ ಬಿಟ್ಟನೋ. ಇಂಥದ್ದನ್ನು ಮರಳು ಕಾಗದ ಹಾಕಿ ಉಜ್ಜಿ ಬಿಳಿ ಬಣ್ಣದ ಕೆಳಗೆ ಹೂತರೆ ಆ ಎರಡು ಕೈಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಅದಕ್ಕೇ ಮೊದಲೇ ಡಬ್ಬ ಪಕ್ಕಕ್ಕಿಡಿ ಅಂದದ್ದು.

ಈ ಕೆತ್ತನೆಯನ್ನು ಬಯ್ದವರು ಆಗಲೇ ಇದ್ದರು. ಇಂಗ್ಲೆಂಡಿನ ಚಾರ್ಲ್ಸ್ ಈಸ್ಟ್‌ಲೇಕ್ 1868ರಲ್ಲಿ ಒಂದು ಪುಸ್ತಕವನ್ನೇ ಬರೆದು, ಬಾಗು ಬಳುಕು ಬಿಡಿ, ನೇರ ಗೆರೆ ಇರಲಿ, ಜೋಡಣೆ ಕಣ್ಣಿಗೆ ಕಾಣಲಿ ಅಂದ. ಅಮೆರಿಕದ ಕಾರ್ಖಾನೆಗಳು ಅವನ ಹೆಸರಲ್ಲೇ ಇನ್ನೊಂದು ಥರದ ಅಲಂಕಾರದ ಕುರ್ಚಿ ಮಾರಲು ಶುರು ಮಾಡಿದವು, ಅದು ತನ್ನದಲ್ಲ ಅಂತ ಅವನು ಹೇಳಿಕೊಳ್ಳಬೇಕಾಯಿತು. ಇನ್ನೊಂದು ಕಡೆ ವಿಯೆನ್ನಾದಲ್ಲಿ ಮಿಖಾಯೆಲ್ ತೋನೆಟ್ ಅದೇ ಮರ ಬಗ್ಗಿಸುವ ವಿದ್ಯೆಯಿಂದ 1859ರಲ್ಲಿ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟಿನ ಸಾದಾ ಕುರ್ಚಿ ಮಾಡಿದ, ಮುಂಬೈನ ಇರಾನಿ ಹೋಟೆಲುಗಳಲ್ಲಿ ನೀವು ನೋಡಿರುವ ದುಂಡು ಬೆನ್ನಿನ ಕುರ್ಚಿಯ ಮೂಲ ಅದೇ. 1900ರ ನಂತರ ಪತ್ರಿಕೆಗಳೂ ಪಾರ್ಲರ್ ಬೇಡ, ಮನೆಯವರೆಲ್ಲ ಕೂರುವ ಕೋಣೆ ಬೇಕು ಅಂತ ಬರೆದವು. ಸೆಟ್ಟುಗಳು ಅಟ್ಟ ಸೇರಿದವು. ನಿಮ್ಮದು ಅಟ್ಟಕ್ಕೂ ಹೋಗದೆ ಅದೇ ಕೋಣೆಯಲ್ಲಿ ಉಳಿದಿದೆ ಅಂದರೆ ಅದು ಅಪರೂಪ.

ಈಗ ಮಾಡಬೇಕಾದ ಕೆಲಸ.

ಪಾಲಿಶ್ ಕೀಳಬೇಡಿ. ಆ ಮೆರುಗು ಹೆಚ್ಚಾಗಿ ಅರಗಿನದ್ದು, ಅಂದರೆ ಶೆಲ್ಯಾಕ್. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅದೇ ಅರಗು. ಆಗ ಅಮೆರಿಕ, ಯುರೋಪಿಗೆ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ನಮ್ಮ ದೇಶದಿಂದಲೇ. ಪರೀಕ್ಷೆ ಮಾಡಬೇಕಾದರೆ ಕಾಲಿನ ಹಿಂಬದಿ, ಯಾರಿಗೂ ಕಾಣದ ಕಡೆ, ಹತ್ತಿಯ ತುದಿಗೆ ಒಂದು ಹನಿ ಸ್ಪಿರಿಟ್ ಹಚ್ಚಿ ಮುಟ್ಟಿಸಿ. ಅಂಟಂಟಾದರೆ ಅರಗು. ಒಳ್ಳೆ ವಿಷಯ ಅಂದರೆ ಅರಗನ್ನು ಮತ್ತೆ ಅರಗಿನಿಂದಲೇ ಸರಿಮಾಡಬಹುದು, ಪೂರ್ತಿ ಕೀಳಬೇಕಿಲ್ಲ. ಸದ್ಯಕ್ಕೆ ಮೆತ್ತಗಿನ ಕುಂಚದಲ್ಲಿ ಧೂಳು ತೆಗೆದರೆ ಸಾಕು. ಒದ್ದೆ ಲೋಟ ಇಡಬೇಡಿ, ಬಿಳಿ ಉಂಗುರ ಬೀಳುತ್ತದೆ. ಒಬ್ಬರು ಇಂಥದ್ದೇ ಸೆಟ್ಟನ್ನು ಒಂದು ಅಂಗಡಿಗೆ ಕೊಟ್ಟು, ಅವರು ಅದನ್ನು ಕ್ಷಾರದ ತೊಟ್ಟಿಯಲ್ಲಿ ಅದ್ದಿ ತೆಗೆದು, ನನ್ನ ಹತ್ತಿರ ತರುವ ಹೊತ್ತಿಗೆ ಎಲ್ಲ ಜೋಡಣೆಯೂ ಬಿಟ್ಟು, ಮರ ಬೂದು ಬಣ್ಣಕ್ಕೆ ತಿರುಗಿತ್ತು. ಗುಲಾಬಿಗಳು ಬೇರೆ ಒಂದು ಚೀಲದಲ್ಲಿ ಬಂದವು. ಅದನ್ನು ಮೊದಲಿನಂತೆ ಮಾಡಲು ನನ್ನಿಂದ ಆಗಲಿಲ್ಲ.

ಸಡಿಲ ಜೋಡಣೆಗೆ ಎಪಾಕ್ಸಿ, ಬಿಳಿ ಗೋಂದು, ಮೊಳೆ, ಯಾವುದೂ ಬೇಡ. ಹಳೇ ಅಂಟು ಬಿಸಿ ಮತ್ತು ತೇವಕ್ಕೆ ಬಿಡುತ್ತದೆ, ಬಿಚ್ಚಿ ಮತ್ತೆ ಅದೇ ಅಂಟು ಹಾಕಬಹುದು. ಎಪಾಕ್ಸಿ ಹಾಕಿದರೆ ಮುಂದೆ ಬಿಚ್ಚುವಾಗ ಮರವೇ ಹರಿಯುತ್ತದೆ. ಓಹಾಯೋ ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಗಾಳಿ ಬಹಳ ಒಣಗುತ್ತದೆ, ಮರ ಕುಗ್ಗಿ ಕೀಲು ಸಡಿಲವಾಗುವುದು ಆಗಲೇ. ಹೀಟರ್ ಬಾಯಿಂದ ದೂರ ಇಡಿ, ಕೋಣೆಯ ತೇವಾಂಶ ನೂರಕ್ಕೆ 40-50ರಷ್ಟು ಇದ್ದರೆ ಒಳ್ಳೆಯದು.

ಮಾರ್ಬಲ್ ಹಾಸನ್ನು ಎತ್ತುವಾಗ ಚಪ್ಪಟೆಯಾಗಿ, ತಟ್ಟೆ ಹಿಡಿದ ಹಾಗೆ ಎತ್ತಬೇಡಿ. ತನ್ನ ಭಾರಕ್ಕೆ ತಾನೇ ನಡುವೆ ಮುರಿಯುತ್ತದೆ. ಮೊದಲು ಅಂಚಿನ ಮೇಲೆ ನಿಲ್ಲಿಸಿ, ಕಿಟಕಿ ಗಾಜು ಸಾಗಿಸುವ ಹಾಗೆ ನಿಂತ ಭಂಗಿಯಲ್ಲೇ ಇಬ್ಬರು ಹಿಡಿದು ಸಾಗಿಸಿ. ಹುಳಿ, ನಿಂಬೆಹಣ್ಣು ತಾಗಿಸಬೇಡಿ.

ಗಾದಿಯ ಬಗ್ಗೆ ಜೋಪಾನ. ಆ ಕಾಲದ ಕೆಲವು ಬಟ್ಟೆ, ಗೋಡೆ ಕಾಗದಗಳ ಹಸಿರು ಬಣ್ಣದಲ್ಲಿ ಆರ್ಸೆನಿಕ್ ಇರುತ್ತಿತ್ತು. ಒಳಗೆ ಹಸಿರು ಬಟ್ಟೆ ಕಂಡರೆ ಕೊಡವಬೇಡಿ, ಮಕ್ಕಳನ್ನು ದೂರ ಇಡಿ, ತಿಳಿದವರಿಂದ ಪರೀಕ್ಷೆ ಮಾಡಿಸಿ. ಚಿಕ್ಕ ಕುರ್ಚಿ ಒಂದರ ಕೆಳಗೆ ಬಟ್ಟೆ ಹರಿದು ಸ್ಪ್ರಿಂಗು ಕಾಣುತ್ತಿದೆಯಲ್ಲ, ಅದರ ಮೇಲಿನ ಒರಟು ಬಟ್ಟೆ ಗೋಣಿ. ಇಂಗ್ಲಿಷಿನ ಗನ್ನಿಯೂ ನಮ್ಮ ಕಡೆಯ ಗೋಣಿಯೇ. ಬಂಗಾಳದ ಸೆಣಬು ಸ್ಕಾಟ್ಲೆಂಡಿನ ಡಂಡಿಯಲ್ಲಿ ನೇಯ್ದು ಅಲ್ಲಿಂದ ಲೋಕಕ್ಕೆಲ್ಲ ಹೋಗುತ್ತಿದ್ದ ಕಾಲ ಅದು. ಆ ಗೋಣಿಯಲ್ಲಿ ಯಂತ್ರದ ಪಿನ್ನು ಇಲ್ಲದೆ ಬರೀ ಚಿಕ್ಕ ಮೊಳೆ ಇದ್ದರೆ, ಚೌಕಟ್ಟಿನಲ್ಲಿ ಒಂದೇ ಸಾಲಿನ ಮೊಳೆ ತೂತು ಇದ್ದರೆ, ಗಾದಿ ಮೊದಲಿನದ್ದೇ ಇರಬಹುದು. ನಕ್ಷತ್ರದ ತಲೆಯ ಫಿಲಿಪ್ಸ್ ಸ್ಕ್ರೂ ಕಂಡರೆ 1930ರ ನಂತರ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. ಇಂಥ ವಾಲ್‌ನಟ್ ಸೆಟ್ಟುಗಳ ಬೆಲೆ ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ತುಂಬ ಇಳಿದಿದೆ, ಒಂದು ಹೊಸ ಸೋಫಾದ ಬೆಲೆಯೂ ಸಿಗದಿರಬಹುದು. ಮಾರಲು ತರಾತುರಿ ಬೇಡ. ಊರಿಗೆ ಕಳಿಸುವ ಯೋಚನೆ ಇದ್ದರೆ, ವಾಲ್‌ನಟ್ ಆದ್ದರಿಂದ ರೋಸ್‌ವುಡ್ಡಿನ ತಾಪತ್ರಯ ನಿಮಗಿಲ್ಲ. ಬ್ರೆಜಿಲ್ ರೋಸ್‌ವುಡ್ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಹಳೇ ಕುರ್ಚಿಗೂ ಗಡಿ ದಾಟಲು ಕಾಗದ ಬೇಕು.

ಕೂರಬಹುದಾ? ಕೂರಿ. ಕೀಲು ಗಟ್ಟಿ ಇರುವವುಗಳ ಮೇಲೆ, ನಿಧಾನಕ್ಕೆ, ಹಿಂದಿನ ಎರಡು ಕಾಲಿನ ಮೇಲೆ ತೂಗದೆ. ಸೋಫಾದ ಸೀಟಿನ ಮೇಲೆ ಒಂದು ಹತ್ತಿ ಜಮಖಾನ ಹಾಸಿದರೆ ಜಾರುವುದೂ ಇಲ್ಲ, ಕೂದಲು ಚುಚ್ಚುವುದೂ ಇಲ್ಲ, ಕೆಳಗಿನ ಬಟ್ಟೆಯೂ ಉಳಿಯುತ್ತದೆ. ದೊಡ್ಡ ಕುರ್ಚಿಯಲ್ಲಿ ಅತ್ತೆಯವರನ್ನು ಕೂರಿಸಿ, ಬೆನ್ನಿಗೆ ಒಂದು ದಿಂಬು ಕೊಡಿ.

ಮುಂದೆ ಎಂದಾದರೂ ಗಾದಿ ಬಿಚ್ಚಿಸಿದರೆ ಪಕ್ಕದಲ್ಲೇ ನಿಂತಿರಿ. ಸೀಟು ಮತ್ತು ಬೆನ್ನಿನ ನಡುವಿನ ಸಂದಿಯಲ್ಲಿ ನನಗೆ ತಲೆಪಿನ್ನು, ಸ್ಲೇಟು ಬಳಪ, ಗುಂಡಿಗಳು, ಒಂದು ಸಲ ಹೊಲಿಗೆಯವರ ಬೆರಳ ಟೊಪ್ಪಿ ಸಿಕ್ಕಿವೆ. ಸಿಕ್ಕಿದ್ದನ್ನೆಲ್ಲ ಒಂದು ಲಕೋಟೆಗೆ ಹಾಕಿ, ಯಾವ ಕುರ್ಚಿಯದ್ದು ಅಂತ ಬರೆದು, ಹಳೇ ಬಟ್ಟೆಯ ಒಂದು ತುಂಡನ್ನೂ ಅದರಲ್ಲೇ ಸೇರಿಸಿ, ಆ ಕುರ್ಚಿಯ ಸೀಟಿನ ಕೆಳಗೇ ಕಟ್ಟಿಡಿ. ಮಾರಿದ ಆ ಅಜ್ಜಿ ಇನ್ನೂ ಸಂಪರ್ಕದಲ್ಲಿದ್ದರೆ ಒಂದು ಫೋನ್ ಮಾಡಿ, ಮುತ್ತಜ್ಜಿಯ ಗಂಡ ಏನು ಕೆಲಸ ಮಾಡುತ್ತಿದ್ದರು, ಮದುವೆ ಯಾವ ವರ್ಷ ಆಯಿತು ಅಂತ ಕೇಳಿ ಬರೆದುಕೊಳ್ಳಿ. ಇಂಥ ಸೆಟ್ಟುಗಳನ್ನು ಮದುವೆ ಹೊತ್ತಿಗೆ ಕೊಳ್ಳುತ್ತಿದ್ದದ್ದು ಜಾಸ್ತಿ. ಆ ವರ್ಷ ಗೊತ್ತಾದರೆ ನನಗೂ ತಿಳಿಸಿ, ಜೊತೆಗೆ ನಾಲ್ಕನೇ ಕುರ್ಚಿಯ ಗೊಂಚಲಿನ ಇನ್ನೂ ಹತ್ತಿರದ ಒಂದು ಫೋಟೋ ಕಳಿಸಿ.